ಬೆಲ್ಟಿನ ಕಣ್ಣು, ಗಾಳಿಯ ಕಣ್ಣು

ಮನೆ, ಕಿಟಕಿ ಪಕ್ಕದ ಮೇಜು,
ತಾರೀಖು ಹದಿನಾಲ್ಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ ಕಂದಾ? ಕಣ್ಣಿನ ವಿಷಯ ಆಮೇಲೆ. ಮೊದಲು ಆ ಒಂದು ಕಣ್ಣನ್ನು ಬಿಟ್ಟು ಮಿಕ್ಕ ನೀನು ಹೇಗಿದ್ದೀಯಾ, ಅದನ್ನು ಹೇಳು. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ, ಇಲ್ಲಾ ರಜೆ ಕೊಟ್ಟರು ಅಂತ ಬ್ರೆಡ್ಡು ಕಚ್ಚಿಕೊಂಡು ಗೋಡೆ ನೋಡುತ್ತಾ ಕೂತಿದ್ದೀಯಾ? ಬಂದರಿನ ಉಪ್ಪುಗಾಳಿಗೆ ಹಿಡಿದಿದ್ದ ಕೆಮ್ಮು ಹೋಯಿತಾ? ನಿದ್ದೆ ಬರುತ್ತಿದೆಯಾ? ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮ ಕ್ಷೇಮ, ಅವಳ ಬೈಗುಳ ಕ್ಷೇಮ. ನಾಟಕದ ಪರದೆಯ ಹಗ್ಗ ಹಿಡಿಯುವ ನಿನ್ನ ಮಾವ ಕ್ಷೇಮ, ಅವನ ಗೊರಕೆ ಕ್ಷೇಮ. ನಾಟಕ ಕಂಪನಿಯೂ ಕ್ಷೇಮ, ಹೋದ ತಿಂಗಳ ಆಟಕ್ಕೆ ಹಿಂದಿನ ಸಾಲಿನವರೆಗೂ ಜನ. ನನ್ನ ಕ್ಷೇಮ ಮಾತ್ರ ಎರಡನೆಯ ಅಂಕದಲ್ಲಿ ಬರುತ್ತದೆ. ನಾಯಕನಾದವನು ಮೊದಲ ಅಂಕದಲ್ಲೇ ಎಲ್ಲವನ್ನೂ ಒದರಿಬಿಟ್ಟರೆ ಜನ ಎದ್ದು ಮನೆಗೆ ಹೋಗುತ್ತಾರೆ.

ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಕೊಡಲು ಹೊರಟೆ, ನೀನು ಬಿಡಲಿಲ್ಲ. ಕ್ರೇನ್ ನಡೆಸುವವರಿಗೆ ಬಂದರಿನವರು ವರ್ಷಕ್ಕೊಮ್ಮೆ ಮಾಡಿಸುವ ಕಣ್ಣಿನ ತಪಾಸಣೆಯಲ್ಲಿ ನಿನ್ನ ಒಂದು ಕಣ್ಣಿನ ರೆಟಿನಾ ಕೆಳಗಡೆ ಕಳಚಿಕೊಂಡಿದೆ ಎಂದು ಗೊತ್ತಾಯಿತು. ನಿಧಾನವಾಗಿ ಕಳಚಿದ್ದು, ನಡುಭಾಗಕ್ಕೆ ಇನ್ನೂ ಬಂದಿಲ್ಲ, ಗುರುವಾರ ಆಪರೇಷನ್ ಮಾಡಿದರೆ ಸಾಕು ಎಂದರು. ಅಲ್ಲಿಯ ದೊಡ್ಡ ಡಾಕ್ಟರು ಕಣ್ಣಿನ ಹೊರಗಿನಿಂದ ಬೆಲ್ಟು ಕಟ್ಟೋಣ ಎನ್ನುತ್ತಾರೆ, ಚಿಕ್ಕ ಡಾಕ್ಟರು ಒಳಗೆ ಹೋಗಿ ಗಾಳಿ ತುಂಬಬಹುದು ಎನ್ನುತ್ತಾರೆ. ಇಬ್ಬರೂ ಸೇರಿ ನಿನ್ನ ಕಡೆ ತಿರುಗಿ 'ಬುಧವಾರ ಸಂಜೆಯೊಳಗೆ ಯೋಚಿಸಿ ಹೇಳಿ' ಅಂದರು. ನೀನು ನನ್ನ ಕಡೆ ತಿರುಗಿದೆ. ನಾನು ಗಂಟಲು ಸರಿಮಾಡಿಕೊಂಡು 'ಮಗಳೇ! ಕೇಳು! ಕಣ್ಣೆಂಬುದು ಒಂದು ರಂಗಮಂದಿರ!' ಎಂದು ಶುರು ಮಾಡಿದೆನೋ ಇಲ್ಲವೋ, 'ಅಪ್ಪಾ, ಡೈಲಾಗ್ ಬೇಡಪ್ಪಾ. ನೀನು ಬೆಲ್ಟ್ ಕಟ್ಟಿಸ್ಕೊಂಡೋನು. ಬೆಲ್ಟಾ, ಗಾಳಿನಾ? ಒಂದೇ ಮಾತಲ್ಲಿ ಹೇಳು' ಅಂದೆ. ಒಂದೇ ಮಾತಲ್ಲಿ! ಒಂದೇ ಮಾತಿನ ಪಾತ್ರವನ್ನು ನನಗೆ ಈವರೆಗೆ ಯಾವ ಕಂಪನಿಯೂ ಕೊಟ್ಟಿಲ್ಲ ಕಣೇ. ಬಾಗಿಲು ಕಾಯುವ ಭಟನ ವೇಷ ಕೊಟ್ಟಾಗಲೂ ಒಂದು ಪುಟ ಸೇರಿಸಿಕೊಂಡವನು ನಾನು. ಆಮೇಲೆ ನೀನು ಮೆಲ್ಲಗೆ, ನನಗೆ ಕೇಳಿಸದಿದ್ದರೂ ಸರಿ ಎನ್ನುವ ಹಾಗೆ, 'ಮತ್ತೆ ಮೇಲೆ ಹತ್ತೋಕೆ ಬಿಡ್ತಾರಾ ಅಪ್ಪಾ?' ಅಂದೆ. ಅದಕ್ಕೇ ಈ ಪತ್ರ. ಇದನ್ನು ಅಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ, ಇವತ್ತೇ ನಿನಗೆ ಮುಟ್ಟುತ್ತದೆ. ಪತ್ರದ ಮಧ್ಯೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ, ನನ್ನ ಅದೃಷ್ಟ.

ಈಗ ಎರಡನೆಯ ಅಂಕ. 'ಯಾಕಪ್ಪಾ, ಬಾವಿ ಒಳಗಿಂದ ಮಾತಾಡಿದ ಹಾಗೆ ಕೇಳ್ತಿದೆ?' ಅಂತ ನೀನು ಕೇಳಿದ್ದೆ. ಅಮ್ಮ ಫೋನು ಕಿತ್ತುಕೊಂಡು 'ಶೀತ ಕಣೇ' ಅಂದಳು. ಶೀತವಲ್ಲ. ನಾನು ಆಗ ಮಂಚದ ಮೇಲೆ ಬೋರಲು ಮಲಗಿ, ಅಂಚಿನಿಂದ ತಲೆ ಇಳಿಬಿಟ್ಟು, ನೆಲದ ಟೈಲ್ಸಿಗೆ ಸಂಭಾಷಣೆ ಒಪ್ಪಿಸುತ್ತಿದ್ದೆ. ಕಳೆದ ವಾರ ನನ್ನ ಎಡಗಣ್ಣಿನ ರೆಟಿನಾ ಕಳಚಿತು. ಅವತ್ತೇ ಆಪರೇಷನ್ ಆಯಿತು, ಈಗ ಅದರೊಳಗೆ ಗಾಳಿ ತುಂಬಿದೆ. ಕೂಗಬೇಡ! ಅಕ್ಕಪಕ್ಕದ ಮನೆಯವರು ಏನಂದುಕೊಂಡಾರು? ನನ್ನ ಆಪರೇಷನ್ನಿನ ಮರುದಿನವೇ ನಿನ್ನ ಸುದ್ದಿ ಬಂತು. ಒಂದೇ ಮನೆಯಲ್ಲಿ ಒಂದೇ ವಾರ ಎರಡು ಕಣ್ಣಿನ ನಾಟಕ ನಿನಗೆ ಹೊರೆಯಾದೀತು ಎಂದು ನಾನೂ ಅಮ್ಮನೂ ಮಾತಾಡಿಕೊಂಡೆವು. ಶೀತದ ಸಂಭಾಷಣೆ ಬರೆದುಕೊಟ್ಟವನು ನಾನು, ಅಭಿನಯ ಅವಳದು. ಪಾಪ, ಎರಡೇ ಪದ, ಅದನ್ನೂ ತಡವರಿಸಿದಳು. ನಾನು ಬರುತ್ತಿಲ್ಲ ಅಂತ ನಿನ್ನ ಮನಸ್ಸಿನಲ್ಲಿ ಒಂದು ಮುಳ್ಳು ಇದ್ದರೆ ಈಗಲೇ ಕಿತ್ತು ಹಾಕು. ಕಣ್ಣೊಳಗೆ ಗಾಳಿ ಇಟ್ಟುಕೊಂಡವನು ವಿಮಾನ ಹತ್ತುವಂತಿಲ್ಲ. ಮೇಲೆ ಹೋದ ಹಾಗೆ ಆ ಗಾಳಿ ಉಬ್ಬುತ್ತದೆ, ಕಣ್ಣೇ ಕೈಬಿಟ್ಟು ಹೋಗಬಹುದು. ನಡುವೆ ಬೆಟ್ಟಸಾಲು, ರೈಲಿನಲ್ಲೂ ಬರುವಂತಿಲ್ಲ. ಹಾಗಾಗಿ ಚಕ್ರವರ್ತಿ ಅರಮನೆಯಲ್ಲೇ ಬಂದಿ, ಮಹಾರಾಣಿ ಯುದ್ಧಕ್ಕೆ ಹೊರಟಿದ್ದಾಳೆ.

ಆದರೆ ಇದರಲ್ಲಿ ಒಂದು ಲಾಭ ನೋಡು! ನಿನ್ನ ಪ್ರಶ್ನೆಗೆ ಉತ್ತರ ಕೊಡಲು ಈಗ ನನ್ನಷ್ಟು ಯೋಗ್ಯ ಮನುಷ್ಯ ಸಿಗುವುದು ಕಷ್ಟ. ಬಲಗಣ್ಣಿಗೆ ಬೆಲ್ಟು, ಎಡಗಣ್ಣಿಗೆ ಗಾಳಿ! ಒಂದೇ ಮೂಗಿನ ಆಚೆಗೊಂದು ಈಚೆಗೊಂದು ಕಂಪನಿ ಡೇರೆ ಹಾಕಿವೆ. ಎರಡರ ಆಟವನ್ನೂ ಮುಂದಿನ ಸಾಲಿನಲ್ಲಿ ಕೂತು ನೋಡಿದವನು ನಾನೊಬ್ಬನೇ.

ಬಲಗಣ್ಣಿನ ಕಥೆ ನಿನಗೆ ಗೊತ್ತಿರುವುದೇ, ಆದರೂ ಇನ್ನೊಮ್ಮೆ ಕೇಳು, ನನಗೆ ಹೇಳುವ ಚಪಲ. ನೀನು ಆಗ ರಂಗದ ಪಕ್ಕದಲ್ಲಿ ಬಣ್ಣದ ಡಬ್ಬದ ಮೇಲೆ ಕೂತು ಕಾಲು ಅಲ್ಲಾಡಿಸುತ್ತಾ ನಾಟಕ ನೋಡುವಷ್ಟು ಚಿಕ್ಕವಳು. ನನ್ನದು ದ್ರೋಹಿ ಸೇನಾಪತಿಯ ಪಾತ್ರ. ಎದೆಗೆ ಕತ್ತಿ ನಾಟಿದ ಮೇಲೂ ಸಾಯದೆ, ಇಡೀ ರಾಜವಂಶವನ್ನು ಶಪಿಸುತ್ತಾ ನಿಲ್ಲುವ ಆ ಕೊನೆಯ ಭಾಷಣ! ಅರ್ಧ ಶಪಿಸಿದ್ದೆ. ಬಲಗಣ್ಣಿನ ಮೇಲಿನಿಂದ ಕರ್ರಗೆ ಒಂದು ಪರದೆ ಇಳಿಯತೊಡಗಿತು. ಬೇರೆಯವರಾಗಿದ್ದರೆ 'ಅಯ್ಯೋ ಕಣ್ಣು' ಎನ್ನುತ್ತಿದ್ದರು. ರಂಗದ ಮೇಲೆ ಬೆಳೆದ ನನಗೆ ಪರದೆ ಎಂದರೆ ಒಂದೇ ಅರ್ಥ: ಅಮ್ಮನ ತಮ್ಮ, ಹಗ್ಗ ಹಿಡಿದ ಆ ಮಹಾಶಯ, ನನ್ನ ಭಾಷಣ ಮುಗಿಯುವ ಮೊದಲೇ ಪರದೆ ಬಿಡುತ್ತಿದ್ದಾನೆ! ಪರದೆ ನೆಲ ಮುಟ್ಟುವುದರೊಳಗೆ ಸಾಯಬೇಕಲ್ಲ? ಉಳಿದರ್ಧ ರಾಜವಂಶವನ್ನು ಒಂದೇ ಉಸಿರಿನಲ್ಲಿ ಶಪಿಸಿ ಧೊಪ್ಪನೆ ಬಿದ್ದು ಸತ್ತೆ. ಬಿದ್ದು ನೋಡುತ್ತೇನೆ, ಪರದೆ ಎಲ್ಲಿದೆಯೋ ಅಲ್ಲೇ ಇದೆ. ದೀಪಗಳು ಉರಿಯುತ್ತಿವೆ. ನನ್ನ ಪ್ರಾಣಭಿಕ್ಷೆ ಬೇಡಲು ಓಡಿಬಂದ ರಾಣಿ ನನ್ನ ಹೆಣ ನೋಡಿ ಏನು ಬೇಡಬೇಕೆಂದು ತಿಳಿಯದೆ ನಿಂತಿದ್ದಾಳೆ. ಆಗ ನಿನ್ನ ಮಾವ ಗಾಬರಿಯಾಗಿ ನಿಜವಾಗಿಯೂ ಪರದೆ ಬಿಟ್ಟ. ಅದರ ಹಿಂದೆ ಶುರುವಾದ ಜಗಳವೇ ಅವತ್ತಿನ ಅತ್ಯುತ್ತಮ ದೃಶ್ಯ. 'ಯಾಕೋ ಬಿಟ್ಟೆ?' ಅಂತ ನಾನು. 'ನೀನು ಸತ್ತೆ, ಅದಕ್ಕೆ ಬಿಟ್ಟೆ. ನೀನು ಯಾಕೆ ಸತ್ತೆ ಭಾವಾ?' ಅಂತ ಅವನು. ಮರುದಿನವೂ ಅದೇ ಕಥೆ, ಅದೇ ಜಗಳ. ಅದರ ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾಗ ಪರದೆ ಮತ್ತೆ ಇಳಿಯಿತು. 'ನೋಡೇ, ನಿನ್ನ ತಮ್ಮ ಮನೆಗೂ ಬಂದುಬಿಟ್ಟ!' ಎಂದೆ. ಅಮ್ಮ ಒಲೆ ಆರಿಸಿ, ಚಪ್ಪಲಿ ಹಾಕಿಕೊಂಡು, 'ರೀ, ನಡೀರಿ ಆಸ್ಪತ್ರೆಗೆ' ಅಂದಳು. ಅವಳ ಅಭಿನಯದಲ್ಲಿ ಕುಂದಿರಬಹುದು, ತೀರ್ಮಾನದಲ್ಲಿಲ್ಲ.

ಅಲ್ಲಿದ್ದವರು ಬೆಲ್ಟಿನ ಡಾಕ್ಟರು. ಕಡ್ಡಿಯಂಥ ಮನುಷ್ಯ, ಪಿಸುಮಾತಿನ ಧ್ವನಿ, ಹಿಂದಿನ ಸಾಲಿಗಿರಲಿ, ಪಕ್ಕದ ಕುರ್ಚಿಗೂ ಕೇಳುತ್ತಿರಲಿಲ್ಲ. ಆದರೆ ಹೇಳಿದ್ದು ಸ್ಪಷ್ಟ. ಕಣ್ಣಿನ ಒಳಗೋಡೆಗೆ ಅಂಟಿಕೊಂಡ ತೆಳುವಾದ ಪರದೆಯೇ ರೆಟಿನಾ. ನಾವು ನೋಡುವುದೆಲ್ಲ ಅದರ ಮೇಲೆ ಬೀಳುತ್ತದೆ, ಅದರ ಅನ್ನನೀರು ಗೋಡೆಯಿಂದ ಬರುತ್ತದೆ. ಕಣ್ಣು ತುಂಬ ಒಂದು ಲೋಳೆ ಇದೆ. ಪರದೆಯಲ್ಲಿ ಎಲ್ಲೋ ತೂತು ಬಿದ್ದರೆ ಲೋಳೆಯ ನೀರು ಅದರ ಹಿಂದೆ ನುಗ್ಗಿ ಗೋಡೆಯಿಂದ ಬಿಡಿಸುತ್ತದೆ. ಬಿಟ್ಟ ಜಾಗ ಹಸಿದು ಕುರುಡಾಗುತ್ತದೆ. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಪರದೆ ಕೆಳಗೆ ಬಿಟ್ಟರೆ ನೆರಳು ಮೇಲಿನಿಂದ ಇಳಿಯುತ್ತದೆ. ನನಗೂ ಹಾಗೇ ಆಗಿತ್ತು, ನಿನಗೂ ಹಾಗೇ ಆಗಿದೆ. ನೀನು ಕ್ಯಾಬಿನ್ನಿನ ಗಾಜಿನ ನೆಲದಿಂದ ಸದಾ ಕೆಳಗೇ ನೋಡುವವಳು, ಮೇಲಿನ ನೆರಳು ನಿನ್ನ ಗಮನಕ್ಕೆ ಬರಲಿಲ್ಲ. ಇನ್ನು ರಿಪೇರಿ. ಪರದೆ ಗೋಡೆಯ ಹತ್ತಿರ ಬರುವುದಿಲ್ಲವೋ? ಗೋಡೆಯನ್ನೇ ಪರದೆಯ ಹತ್ತಿರ ತಳ್ಳು! ಇದೇ ಬೆಲ್ಟಿನ ಉಪಾಯ. ಕಣ್ಣುಗುಡ್ಡೆಯ ಹೊರಗೆ, ಸ್ನಾಯುಗಳ ಕೆಳಗೆ, ಮೆತ್ತನೆಯ ಸಿಲಿಕೋನ್ ಪಟ್ಟಿಯೊಂದನ್ನು ಸುತ್ತಿ ಹೊಲಿದು ಬಿಗಿದರೆ ಗೋಡೆ ಒಳಗೆ ಒತ್ತಿಕೊಂಡು ತೂತಿಗೆ ತಾಗುತ್ತದೆ. ತೂತಿನ ಅಂಚನ್ನು ಹಿಮದಷ್ಟು ತಣ್ಣಗಿನ ಕಡ್ಡಿ ಮುಟ್ಟಿಸಿ ಬೆಸೆಯುತ್ತಾರೆ. ಒಳಗಿನ ಲೋಳೆಯ ತಂಟೆಗೆ ಹೋಗುವುದೇ ಇಲ್ಲ. ಪಟ್ಟಿ ಅಲ್ಲೇ ಇರುತ್ತದೆ, ಬದುಕಿರುವಷ್ಟು ದಿನ.

ಮುಚ್ಚುಮರೆ ಬೇಡ, ಬೆಲ್ಟು ನೋಯುತ್ತದೆ. ಎಚ್ಚರವಾದಾಗ ಕಣ್ಣು ಟೊಮೇಟೊ ಆಗಿತ್ತು. ಅತ್ತಿತ್ತ ನೋಡಿದರೆ ಯಾರೋ ಒಳಗಿನಿಂದ ಜಗ್ಗಿದ ಹಾಗೆ. ನಾನು ಗರ್ಜಿಸಿದ ಗರ್ಜನೆಗೆ ನರ್ಸಮ್ಮ ಬಂದು, 'ಸಾರ್, ಪಕ್ಕದ ವಾರ್ಡಿನೋರು ಟಿಕೆಟ್ ಎಲ್ಲಿ ಕೊಡ್ತಾರೆ ಅಂತ ಕೇಳ್ತಿದ್ದಾರೆ' ಅಂದಳು. ಕನ್ನಡಕದ ನಂಬರು ಏರಿತು, ಏಕೆಂದರೆ ಬೆಲ್ಟು ಬಿಗಿದ ಕಣ್ಣು ಸ್ವಲ್ಪ ಉದ್ದವಾಗುತ್ತದೆ. ಸ್ವಲ್ಪ ದಿನ ಒಂದು ಎರಡಾಗಿ ಕಂಡಿತು. ರಿಹರ್ಸಲ್ಲಿನಲ್ಲಿ ಇಬ್ಬರು ರಾಣಿಯರು ನಿಂತು ಅಳುತ್ತಿದ್ದರೆ ಯಾರನ್ನು ಸಮಾಧಾನ ಮಾಡಲಿ ಹೇಳು? ಇಲ್ಲದ ರಾಣಿಗೆ ಕೈಮುಗಿದು ಬಂದದ್ದೂ ಉಂಟು. ಅದೆಲ್ಲ ತಾನಾಗಿ ಸರಿಹೋಯಿತು. ಆದರೆ ಯಾರೂ ನನಗೆ ತಲೆ ಬಗ್ಗಿಸು ಎನ್ನಲಿಲ್ಲ. ಡಾಕ್ಟರು ಪಿಸುಗುಟ್ಟಿ ಅನುಮತಿ ಕೊಟ್ಟ ಮೇಲೆ ಅದೇ ಕಣ್ಣಿನಿಂದ ಎಷ್ಟು ಕತ್ತಿವರಸೆ ಮಾಡಿದೆನೋ, ಎಷ್ಟು ಸಲ ಮೆಟ್ಟಿಲಿನಿಂದ ಉರುಳಿ ಸತ್ತೆನೋ, ಆ ಪಟ್ಟಿ ಒಂದು ಎಳೆಯಷ್ಟೂ ಜಾರಲಿಲ್ಲ.

ಇನ್ನು ಎಡಗಣ್ಣು. ಈ ಸಲ ಮೊದಲು ಕಣ್ಣ ಮುಂದೆ ಮಸಿ ಉದುರಿದ ಹಾಗಾಯಿತು, ಆಮೇಲೆ ಕಣ್ಣಂಚಿನಲ್ಲಿ ಮಿಂಚು, ಆಮೇಲೆ ಕೆಳಗಿನಿಂದ ಕತ್ತಲು ಏರತೊಡಗಿತು, ರಂಗದ ಮುಂದಿನ ದೀಪಗಳು ಒಂದೊಂದಾಗಿ ಆರಿದ ಹಾಗೆ. ನಾನು ದೀಪದವನನ್ನೂ ಬಯ್ಯಲಿಲ್ಲ, ನಿನ್ನ ಮಾವನನ್ನೂ ಬಯ್ಯಲಿಲ್ಲ. 'ಕಾರು ತರಿಸೋ' ಅಂದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, 'ಭಾವಾ, ನನ್ನ ಬಯ್ಯಲ್ವಾ? ಹಂಗಾದ್ರೆ ಸೀರಿಯಸ್ಸೇ' ಅಂದ. ಪಿಸುಮಾತಿನ ಡಾಕ್ಟರು ಈಗ ನಿವೃತ್ತರು. ಅವರ ಕುರ್ಚಿಯಲ್ಲಿ ಗಾಳಿ ಡಾಕ್ಟರಮ್ಮ ಕೂತಿದ್ದಾರೆ, ಕುಳ್ಳಗೆ, ಚುರುಕಾಗಿ, ಮಾತು ಮುಗಿಯುವ ಮೊದಲೇ ಎದ್ದು ಓಡುವ ಹೆಂಗಸು. ನೋಡಿದವರೇ 'ಇವತ್ತೇ' ಅಂದರು. ಮೇಲಿನ ಹಿಂಭಾಗದಲ್ಲಿ ದೊಡ್ಡ ಹರಿದ ಗಾಯ, ನಡುಭಾಗಕ್ಕೆ ಕೂದಲೆಳೆಯ ದೂರ. 'ಬೆಲ್ಟು ಕಟ್ಟಿ ಅಮ್ಮಾ, ನನಗೆ ಅದರ ಪರಿಚಯ ಇದೆ' ಅಂದೆ. 'ಅದು ಆ ಗಾಯಕ್ಕೆ, ಇದು ಈ ಗಾಯಕ್ಕೆ' ಅಂದರು. ಇವರ ದಾರಿ ಬೇರೆ: ಗೋಡೆಯನ್ನು ತಳ್ಳುವುದಿಲ್ಲ, ಪರದೆಯನ್ನೇ ಒಳಗಿನಿಂದ ಗೋಡೆಗೆ ಒತ್ತುತ್ತಾರೆ. ಸೂಜಿಯಂಥ ಮೂರು ದಾರಿ ಮಾಡಿ ಒಳಗೆ ಹೋಗಿ, ಪರದೆಯನ್ನು ಜಗ್ಗುತ್ತಿರುವ ಲೋಳೆಯನ್ನು ಕತ್ತರಿಸಿ ಹೀರಿ ತೆಗೆದು, ಹಿಂದೆ ನುಗ್ಗಿದ ನೀರನ್ನು ಹೊರಗೆಳೆದು, ಗಾಯದ ಸುತ್ತ ಲೇಸರಿನಿಂದ ಬೆಸೆದು, ಕೊನೆಗೆ ಒಂದು ಬಗೆಯ ಗಾಳಿ ತುಂಬುತ್ತಾರೆ. ಬೆಸುಗೆ ಗಟ್ಟಿಯಾಗುವ ತನಕ ಆ ಗುಳ್ಳೆ ಪರದೆಯನ್ನು ಒತ್ತಿ ಹಿಡಿದು, ಆಮೇಲೆ ತಾನೇ ಕರಗಿ ಹೋಗುತ್ತದೆ. ಕೆಲವರಿಗೆ ಗಾಳಿಯ ಬದಲು ಎಣ್ಣೆ ತುಂಬುತ್ತಾರಂತೆ. ಅವರು ವಿಮಾನ ಹತ್ತಬಹುದು, ಆದರೆ ಎಣ್ಣೆ ತೆಗೆಯಲು ಮತ್ತೆ ಆಪರೇಷನ್ ಟೇಬಲ್ ಹತ್ತಬೇಕು. ಮಗಳಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಅವಕಾಶ ಸ್ವಲ್ಪದರಲ್ಲಿ ತಪ್ಪಿತು.

ಇದರಲ್ಲಿ ನೋವು ಅಷ್ಟಿಲ್ಲ. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿದ್ದರು, ನಾನು ಎಚ್ಚರವಾಗಿಯೇ ಇದ್ದೆ. 'ಸಾರ್, ನೀವು ಮಾತಾಡಿದ್ರೆ ತಲೆ ಅಲ್ಲಾಡುತ್ತೆ, ತಲೆ ಅಲ್ಲಾಡಿದ್ರೆ ನನ್ನ ಕೈ ಕೆಲಸ ಕೆಡುತ್ತೆ' ಅಂದರು. ಮಗಳೇ, ಆ ಮೌನ! ಬೆಲ್ಟಿನ ನೋವು ಅದರ ಮುಂದೆ ಏನೂ ಅಲ್ಲ. ಮೌನ ಮುಗಿದರೆ ಶಿಕ್ಷೆ ಶುರು: ತಲೆ ತಗ್ಗಿಸು! ಗುಳ್ಳೆ ಮೇಲಕ್ಕೆ ತೇಲುವ ವಸ್ತು, ಅದು ಹಿಂಭಾಗದ ಗಾಯವನ್ನು ಒತ್ತಬೇಕಾದರೆ ಮುಖ ನೆಲ ನೋಡಬೇಕು. ಯಾವ ಸಿಂಹಾಸನದ ಮುಂದೆಯೂ ಬಾಗದ ಈ ತಲೆ ಊಟಕ್ಕೂ, ನಿದ್ದೆಗೂ, ಕಾಫಿಗೂ ಬಗ್ಗಿಯೇ ಇರಬೇಕು. ನಿನ್ನ ಮಾವನಿಗೆ ಕಾವಲಿನ ಕೆಲಸ. ನಾನು ಸ್ವಲ್ಪ ಕತ್ತು ಎತ್ತಿದರೆ ಸಾಕು, ಮೂಲೆಯಿಂದ 'ಭಾವಾ, ತಲೆ!' ಅಂತ ಕೂಗು. ಅಷ್ಟು ವರ್ಷ ನನ್ನಿಂದ ಬೈಸಿಕೊಂಡದ್ದನ್ನೆಲ್ಲ ಎರಡು ಪದದಲ್ಲಿ ತೀರಿಸಿಕೊಳ್ಳುತ್ತಿದ್ದಾನೆ. ಈಗ ನನ್ನ ಲೋಕವೆಲ್ಲ ಕಾಲುಗಳು. ಅಮ್ಮನ ಹಿಮ್ಮಡಿ ನೋಡಿ ಅವಳ ಸಿಟ್ಟು ಅಳೆಯುತ್ತೇನೆ. ಪೇಪರಿನವನ ಚಪ್ಪಲಿಗೆ ಹೊಸ ಉಂಗುಷ್ಟ ಬಂದದ್ದು ಈ ಬೀದಿಯಲ್ಲಿ ಮೊದಲು ಗೊತ್ತಾದದ್ದು ನನಗೆ. ಗುಳ್ಳೆ ಕರಗಿದ ಹಾಗೆ ಅದರ ಗೆರೆ ಕೆಳಗಿಳಿದು ಮೇಲಿನಿಂದ ದೃಶ್ಯ ತೆರೆದುಕೊಳ್ಳುತ್ತದಂತೆ. ಪರದೆ ಇಳಿದಾಗ ಆಟ ಶುರುವಾಗುವ ರಂಗಮಂದಿರ ಇದೊಂದೇ ಇರಬೇಕು! ಡಾಕ್ಟರಮ್ಮ ಇನ್ನೊಂದನ್ನೂ ಹೇಳಿದ್ದಾರೆ: ನನ್ನ ವಯಸ್ಸಿನಲ್ಲಿ ಈ ಆಪರೇಷನ್ ಆದ ಕಣ್ಣಿಗೆ ಬೇಗ ಪೊರೆ ಬರುತ್ತದೆ, ಅದನ್ನೂ ತೆಗೆಸಬೇಕಾಗುತ್ತದೆ. ಬರಲಿ, ಎದುರಿಸೋಣ.

ಈಗ ಮುಖ್ಯ ದೃಶ್ಯ. ನಿಜ ಹೇಳುತ್ತೇನೆ, ಭಾನುವಾರ ನೀನು ಕೇಳಿದಾಗ ನನ್ನ ನಾಲಿಗೆಯ ತುದಿಯಲ್ಲಿ ಇದ್ದದ್ದು 'ಗಾಳಿ' ಎಂಬ ಪದ. ಬೆಲ್ಟಿನ ಆ ನೋವು ನಿನಗೆ ಬೇಡ ಎಂದು ಅನ್ನಿಸಿತು. ನೀನೂ ಹೇಳಿದ್ದೆಯಲ್ಲ, ಪಕ್ಕದ ಕ್ರೇನಿನವರು ಗಾಳಿ ಹಾಕಿಸಿಕೊಂಡು ಫಸ್ಟ್ ಕ್ಲಾಸಾಗಿ ವಾಪಸ್ ಬಂದರು, ಬೆಲ್ಟೆಲ್ಲ ಓಬೀರಾಯನ ಕಾಲದ್ದು ಅಂತ. ನಿನ್ನೆ ನನ್ನ ತಪಾಸಣೆ ಇತ್ತು. ನೀನು ಅಮ್ಮನ ಫೋನಿಗೆ ಕಳಿಸಿದ್ದ ಕಣ್ಣಿನ ಚಿತ್ರಗಳನ್ನು ತೆಗೆದುಕೊಂಡು, ತಲೆ ತಗ್ಗಿಸಿಕೊಂಡೇ, ಮಾವನ ಷರಟು ಹಿಡಿದು ಹೋದೆ. ಬೂದು ಬಣ್ಣದ ಬೂಟು ಓಡುತ್ತಾ ಬಂತು, ಡಾಕ್ಟರಮ್ಮ ಎಂದು ಗುರುತು ಹಿಡಿದೆ. 'ನನ್ನ ಮಗಳಿಗೂ ನಿಮ್ಮ ಗಾಳಿಯೇ ಸರಿ ಎಂದು ಎರಡು ಮಾತು ಹೇಳಿ, ಬರೆದು ಕಳಿಸುತ್ತೇನೆ' ಅಂದೆ. ಬೂಟುಗಳು ನಿಂತವು. ಓಡುವ ಆ ಹೆಂಗಸು ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಚಿತ್ರ ನೋಡಿದರು. ಆಮೇಲೆ, 'ಗಾಳಿ ತುಂಬೋದು ನನ್ನ ದಿನನಿತ್ಯದ ಕೆಲಸ ಸಾರ್. ಆದ್ರೆ ಇವರು ನನ್ನ ಟೇಬಲ್ ಮೇಲೆ ಮಲಗಿದ್ರೆ ನಾನು ಬೆಲ್ಟೇ ಕಟ್ಟೋದು' ಅಂದರು. ನನಗೆ ರೇಗಿತು. 'ನನಗೆ ಹೊಸ ವೇಷ, ನನ್ನ ಮಗಳಿಗೆ ಪೆಟ್ಟಿಗೆಯಲ್ಲಿದ್ದ ಹಳೇ ವೇಷವೇ?' ಎಂದು ನೆಲಕ್ಕೆ ಗುಡುಗಿದೆ. 'ಹಳೇದು ಹೊಸದು ಅಂತ ಅಲ್ಲ ಸಾರ್. ಅಳತೆ ಯಾರದು ನೋಡಿ' ಅಂದರು.

ಅಳತೆ ಎಂದರೆ ನನಗೆ ಅರ್ಥವಾಗುತ್ತದೆ. ನನ್ನ ಕಿರೀಟ ಚಿಕ್ಕ ಪಾತ್ರದವನ ತಲೆಗೆ ಇಟ್ಟರೆ ಕಿವಿಯವರೆಗೆ ಇಳಿದು ನಗೆಪಾಟಲಾಗುವುದನ್ನು ನೋಡಿದವನಲ್ಲವೇ. ಅವರು ಬಿಡಿಸಿ ಹೇಳಿದರು. ನನ್ನ ವಯಸ್ಸಿನ ಕಣ್ಣಲ್ಲಿ ಲೋಳೆ ತಾನಾಗಿಯೇ ಸಡಿಲಗೊಂಡಿರುತ್ತದೆ, ತೆಗೆಯುವುದು ಸುಲಭ. ನಿನ್ನ ವಯಸ್ಸಿನಲ್ಲಿ ಅದು ಪರದೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಎಳೆದು ಬಿಡಿಸಲು ಹೋದರೆ ಹೊಸ ಗಾಯ ಆಗಬಹುದು. ನಿನ್ನ ತೂತುಗಳು ಚಿಕ್ಕವು, ದುಂಡಗಿವೆ, ಕೆಳಭಾಗದಲ್ಲಿವೆ. ಗುಳ್ಳೆ ತೇಲುವುದು ಮೇಲಕ್ಕೆ, ಅದು ಕೆಳಗಿನ ತೂತನ್ನು ಒತ್ತಬೇಕಾದರೆ 'ನಿಮ್ಮ ಮಗಳು ಕಾಲು ಮೇಲೆ ಮಾಡಿ ನಿಲ್ಲಬೇಕು ಸಾರ್'. ಒಳಗಿನ ಲೋಳೆ ಮುಟ್ಟದೇ ಇದ್ದರೆ ಅಷ್ಟು ಬೇಗ ಪೊರೆಯ ಕಾಟವೂ ಇಲ್ಲ. ಪಕ್ಕದ ಕ್ರೇನಿನವರ ಉದಾಹರಣೆ ಕೊಟ್ಟೆ, ಅವರ ವಯಸ್ಸು ಕೇಳಿದರು, ನಿವೃತ್ತಿಗೆ ಹತ್ತಿರ ಇದ್ದಾರೆ ಎಂದೆ. 'ಅದೇ ನೋಡಿ' ಅಂದರು. ಹಾಗಂತ ಬೆಲ್ಟು ಕಟ್ಟಿದ ಕೂಡಲೇ ಎಲ್ಲ ಮುಗಿಯಿತು ಎಂದೇನೂ ಅವರು ಕೊಂಬು ಊದಲಿಲ್ಲ. ಎರಡು ದಾರಿಯಲ್ಲೂ ಹೆಚ್ಚಿನವರಿಗೆ ಮೊದಲ ಸಲವೇ ಕೂಡುತ್ತದೆ, ಕೆಲವರಿಗೆ ಕೂಡುವುದಿಲ್ಲ, ಆಗ ಇನ್ನೊಮ್ಮೆ ಮಾಡಬೇಕು. ಬೆಲ್ಟು ಕೂಡದಿದ್ದರೆ ಗಾಳಿಯ ದಾರಿ ನಿನಗೆ ಇನ್ನೂ ತೆರೆದೇ ಇರುತ್ತದೆ. 'ನಾನು ನೋಡಿರೋದು ಚಿತ್ರ. ಕಣ್ಣು ನೋಡಿರೋರು ಅಲ್ಲಿಯ ಡಾಕ್ಟರು. ಇದನ್ನೆಲ್ಲ ಅವರ ಹತ್ತಿರ ಕೇಳೋಕೆ ಹೇಳಿ' ಅಂತಲೂ ಅಂದರು. ಕೇಳು. ನಾಚಿಕೊಳ್ಳಬೇಡ, ಜೋರಾಗಿ ಕೇಳು. ನನ್ನ ಮಗಳು ನೀನು, ಗಂಟಲು ಎಲ್ಲೋ ಒಳಗೆ ಇದ್ದೇ ಇರುತ್ತದೆ.

ಕೊನೆಗೆ ನಿನ್ನ ಆ ಮೆಲ್ಲನೆಯ ಪ್ರಶ್ನೆಯನ್ನೂ ಕೇಳಿದೆ: ಮೇಲೆ ಹತ್ತಲು ಬಿಡುತ್ತಾರಾ? ಪರದೆ ಕೂಡಿ, ಒಂದು ಎರಡಾಗಿ ಕಾಣುವುದು ನಿಂತು, ಹೊಸ ಕನ್ನಡಕದಲ್ಲಿ ಎರಡೂ ಕಣ್ಣು ಜೊತೆಯಾಗಿ ದೂರ ಅಳೆಯುವ ಪರೀಕ್ಷೆ ಪಾಸಾದರೆ ಬಿಡದೇ ಇರಲು ಕಾರಣವಿಲ್ಲ ಎಂದರು. ತಿಂಗಳುಗಳೇ ಹಿಡಿಯಬಹುದು. ನಡುಭಾಗ ಇನ್ನೂ ಅಂಟಿಕೊಂಡಿರುವುದು ನಿನ್ನ ಪುಣ್ಯ, ಅದಿರುವಾಗಲೇ ಕಟ್ಟಿಸಿಕೊಳ್ಳಬೇಕು, ಗುರುವಾರ ಎಂದರೆ ಗುರುವಾರ. ನಿನಗೆ ನೆನಪಿದೆಯಾ, ನಾನು ನಿನ್ನ ಕ್ರೇನ್ ನೋಡಲು ಬಂದದ್ದು? ಅರ್ಧ ಏಣಿ ಹತ್ತಿ ಕಂಬಿ ತಬ್ಬಿಕೊಂಡು ನಿಂತುಬಿಟ್ಟೆ. ಮೇಲಿನಿಂದ ನೀನು, 'ಅಪ್ಪಾ, ಡೈಲಾಗ್ ಹೇಳ್ಕೊಂಡು ಹತ್ತು' ಅಂದೆ. ಶಪಿಸುತ್ತಾ ಶಪಿಸುತ್ತಾ ಬಂದು ಸೇರಿದೆ. ಗಾಜಿನ ನೆಲದ ಕೆಳಗೆ ಲಾರಿಗಳು ಬೆಂಕಿಪೊಟ್ಟಣದ ಹಾಗೆ ಸಾಲು ನಿಂತಿದ್ದವು. ಮನೆಯಷ್ಟು ದೊಡ್ಡ ಕಂಟೇನರನ್ನು ನೀನು ಹಡಗಿನಿಂದ ಎತ್ತಿ, ತೂಗಾಟ ನಿಲ್ಲುವವರೆಗೆ ಉಸಿರು ಹಿಡಿದು, ಲಾರಿಯ ಬೆನ್ನ ಮೇಲೆ ಇಟ್ಟೆ. ಸದ್ದೇ ಆಗಲಿಲ್ಲ! ಎಳೆಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ. ಬದುಕಿಡೀ ಸದ್ದು ಮಾಡಿಯೇ ಚಪ್ಪಾಳೆ ಗಿಟ್ಟಿಸಿದವನು ನಾನು. ಸದ್ದಿಲ್ಲದ ಆ ಆಟಕ್ಕೆ ಚಪ್ಪಾಳೆ ತಟ್ಟಲು ಹೋದರೆ, 'ಅಪ್ಪಾ, ಲಿವರ್ ಮುಟ್ಟಬೇಡ' ಅಂದೆ. ಆ ಕುರ್ಚಿ ನಿನ್ನದು. ನೀನು ಅಲ್ಲಿಗೆ ವಾಪಸ್ ಹೋಗುತ್ತೀಯೆ, ನೋಡುತ್ತಿರು. ಈ ಗಾಳಿ ಕರಗಿದ ಮೇಲೆ ಮೊದಲ ವಿಮಾನ ಹತ್ತಿ ಬಂದು ನಾನು ಕೆಳಗೆ ನಿಂತು ಕತ್ತೆತ್ತಿ ನೋಡುತ್ತೇನೆ. ಏಣಿ ಹತ್ತು ಅಂತ ಮಾತ್ರ ಕರೆಯಬೇಡ.

ಅಮ್ಮನನ್ನು ಜೋಪಾನವಾಗಿ ನೋಡಿಕೋ. ಅವಳಿಗೆ ಇದು ಮೊದಲ ವಿಮಾನ. 'ನನಗೇನು ಭಯ' ಎಂದು ನಿನ್ನೆಯಿಂದ ಎಲ್ಲರಿಗೂ ಹೇಳುತ್ತಿದ್ದಾಳೆ, ಹೇಳುತ್ತಲೇ ಪೆಟ್ಟಿಗೆಯನ್ನು ತುಂಬಿ ತೆಗೆದು ತುಂಬಿ ತೆಗೆದು ಇಟ್ಟಿದ್ದಾಳೆ. ಗುರುವಾರ ನಿನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅವಳ ಪಕ್ಕ ಯಾರಾದರೂ ಕೂರುವ ಹಾಗೆ ನೋಡು, ನಿನ್ನ ಜತೆ ಕೆಲಸ ಮಾಡುವ ಹುಡುಗಿಯರಿಗೆ ಹೇಳು. ನನ್ನ ಕಾವಲಿಗೆ ನಿನ್ನ ಮಾವ ಇದ್ದಾನೆ. ಈಗ ತಾನೇ ಒಮ್ಮೆ 'ತಲೆ!' ಎಂದ. ನಿನಗೆ ನನ್ನ ತುಂಬು ಆಶೀರ್ವಾದ ಮಗಳೇ, ಕಂಪನಿಯ ಸಮಸ್ತರ ಹಾರೈಕೆ, ಅರ್ಧ ಶಾಪವನ್ನು ಒಂದೇ ಉಸಿರಿನಲ್ಲಿ ಮುಗಿಸಿದ ಆ ಹಳೆಯ ಸೇನಾಪತಿಯದೂ ಸೇರಿ. ಧೈರ್ಯವಾಗಿರು. ಮೊದಲ ಗಂಟೆ ಹೊಡೆದಾಗ ಎಂಥ ನಟನಿಗೂ ಕಾಲು ನಡುಗುತ್ತದೆ. ಬೆಳಕು ಬಿದ್ದ ಮೇಲೆ ಆ ನಡುಕದ ನೆನಪೇ ಇರುವುದಿಲ್ಲ.

ಇತಿ,
ನೆಲ ನೋಡುತ್ತಾ ನಿನ್ನನ್ನೇ ನೆನೆಯುತ್ತಿರುವ
ಅಪ್ಪ

ತಾ.ಕ.: ಕಾರು ಬಂದಿದೆ. ಅಮ್ಮನ ಚಪ್ಪಲಿ ಮೇಜಿನ ಪಕ್ಕ ಬಂದು ನಿಂತಿದೆ, 'ಕೊಡ್ರೀ, ಸಾಕು' ಅನ್ನುತ್ತಿದ್ದಾಳೆ. ಒಂದು ಬಿಟ್ಟುಹೋಗಿತ್ತು. ಎಡಗಣ್ಣಿಗೆ ಈಗ ಕಾಣುವುದು ಬೆಳಕು ಮತ್ತು ನೀರು ಕುಲುಕಿದ ಹಾಗೆ ಒಂದು ಅಲುಗಾಟ, ಅಷ್ಟೇ. ಅದು ಸರಿಹೋಗುತ್ತದೆ. ಆದರೆ ಇಷ್ಟುದ್ದ ಪತ್ರದ ಒಂದೊಂದು ಅಕ್ಷರವನ್ನೂ ನೋಡಿ ಬರೆದದ್ದು ಬಲಗಣ್ಣು. ನೀನು ಬಣ್ಣದ ಡಬ್ಬದ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ ಕಾಲದಲ್ಲಿ ಕಟ್ಟಿದ್ದು, ಇವತ್ತಿಗೂ ಹಿಡಿದಿದೆ. ಒಂದೇ ಮಾತು ಕೇಳಿದ್ದೆಯಲ್ಲ.

ಬೆಲ್ಟು.